ಅಂಕಿ ನಮ್ಮದು, ವಾಕ್ಯ ಅದರದು: ಟೊಮೆಟೊ ಮಂಡಿಯ ಕೆಲಸಕ್ಕೆ ಪ್ರಾಂಪ್ಟ್ ಬರೆಯುವುದು

ಕೋಲಾರದ ಎಪಿಎಂಸಿಯಲ್ಲಿ ಹರಾಜು ಮುಗಿದ ಮೇಲೆ ಮಂಡಿಯವರಿಗೆ ಇನ್ನೊಂದು ಕೆಲಸ ಶುರುವಾಗುತ್ತದೆ. ಯಾರ ಮಾಲು ಎಷ್ಟಕ್ಕೆ ಹೋಯಿತು ಅಂತ ರೈತರಿಗೆ ತಿಳಿಸಬೇಕು. ಹೊರರಾಜ್ಯದ ಖರೀದಿದಾರರಿಗೆ ಹಿಂದಿಯಲ್ಲೋ ತೆಲುಗಿನಲ್ಲೋ ಲೋಡಿನ ವಿವರ ಕಳಿಸಬೇಕು. ಬಾಕಿ ಉಳಿಸಿಕೊಂಡವರಿಗೆ ಮನಸ್ಸು ನೋಯಿಸದೆ ನೆನಪು ಮಾಡಬೇಕು. ಈ ಬರವಣಿಗೆಗೆ ಎಐ ನಿಜಕ್ಕೂ ಒಳ್ಳೆಯ ಸಹಾಯ. ಆದರೆ "ರೈತರಿಗೆ ಒಂದು ಮೆಸೇಜ್ ಬರೆದುಕೊಡು" ಅಂತ ಒಂದೇ ಸಾಲಿನ ಪ್ರಾಂಪ್ಟ್, ಅಂದರೆ ಎಐಗೆ ಕೊಡುವ ಸೂಚನೆ, ಹಾಕಿದರೆ, ಯಾವ ಊರಿನ ಯಾವ ಅಂಗಡಿಗಾದರೂ ಅಂಟಿಸಬಹುದಾದ ಪತ್ರ ಬರುತ್ತದೆ. ಅದು ಯಾರ ಕೆಲಸಕ್ಕೂ ಬಾರದು.

ಈ ಎಐ ಹಿಂದಿರುವ ಭಾಷಾ ಮಾದರಿ ಕೆಲಸ ಮಾಡುವ ರೀತಿಯೇ ಇದಕ್ಕೆ ಕಾರಣ. ಅದುವರೆಗಿನ ಮಾತಿಗೆ ಯಾವ ತುಣುಕು ಹೊಂದಬಹುದು ಅಂತ ಲೆಕ್ಕ ಹಾಕಿ, ಒಂದರ ಹಿಂದೆ ಒಂದು ಜೋಡಿಸುತ್ತಾ ಹೋಗುತ್ತದೆ. ನಾವು ಹೇಳದೆ ಬಿಟ್ಟ ಜಾಗವನ್ನು ಅದು ಖಾಲಿ ಬಿಡುವುದು ಕಡಿಮೆ. ಅಲ್ಲಿ ಇರಬಹುದು ಅನ್ನಿಸಿದ್ದನ್ನು ತುಂಬಿಬಿಡುತ್ತದೆ. ಆದ್ದರಿಂದ ಬಾಕ್ಸು, ದರ, ತಾರೀಖು, ಷರತ್ತು ಇವೆಲ್ಲ ನಮ್ಮ ಪುಸ್ತಕದಿಂದಲೇ ಹೋಗಬೇಕು. ಅದರಿಂದ ಪಡೆಯಬೇಕಾದ್ದು ವಾಕ್ಯ ಮಾತ್ರ.

ಮೊದಲು ತಪ್ಪುವುದು ದರದಲ್ಲಿ. "ಕೋಲಾರದಲ್ಲಿ ಇವತ್ತು ಟೊಮೆಟೊ ಎಷ್ಟು?" ಅಂತ ಕೇಳಬೇಡಿ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ಬೆಲೆ ಬಿದ್ದು ಹಣ್ಣನ್ನು ರಸ್ತೆ ಬದಿಗೆ ಸುರಿದ ಸುದ್ದಿಯೂ ಅಷ್ಟೇ ಬಂದಿದೆ. ಮಾದರಿ ಕಲಿತದ್ದು ಇವೆರಡನ್ನೂ. ಇವತ್ತಿನ ಹರಾಜು ಅದಕ್ಕೆ ಗೊತ್ತಿಲ್ಲ. ಇಂಟರ್‌ನೆಟ್‌ನಲ್ಲಿ ಹುಡುಕುವ ಸೌಲಭ್ಯ ಇದ್ದರೂ ಅಳತೆಯಲ್ಲಿ ಎಡವುತ್ತದೆ: ನಾವು ಹೇಳುವುದು ಬಾಕ್ಸ್ ಲೆಕ್ಕ, ಸರ್ಕಾರಿ ದರಪಟ್ಟಿ ಇರುವುದು ಕ್ವಿಂಟಲ್ ಲೆಕ್ಕ. ಬಾಕ್ಸಿಗೆ 420 ಅಂದರೆ ಕ್ವಿಂಟಲಿಗೆ 2,800. ಎರಡೂ ಕಲಸಿಹೋದ ಮೆಸೇಜ್ ಖರೀದಿದಾರನ ಕೈಗೆ ಹೋದರೆ ಆಮೇಲೆ ತಿದ್ದುವುದು ಕಷ್ಟ.

ರೈತರಿಗೆ ಕಳಿಸುವ ಮೆಸೇಜಿಗೆ ಪ್ರಾಂಪ್ಟ್ ಹೀಗಿದ್ದರೆ ಕೆಲಸ ಆಗುತ್ತದೆ:

"ನಾವು ಕೋಲಾರದ ಟೊಮೆಟೊ ಮಂಡಿ. ಕೆಳಗಿನ ವಿವರದಿಂದ ರೈತರೊಬ್ಬರಿಗೆ ವಾಟ್ಸ್‌ಆ್ಯಪ್ ಮೆಸೇಜ್ ಬರೆಯಿರಿ.
ವಿವರ: 14 ಆಗಸ್ಟ್, ಶುಕ್ರವಾರದ ಹರಾಜು. ಒಟ್ಟು 42 ಬಾಕ್ಸ್, ಬಾಕ್ಸಿಗೆ 15 ಕೆಜಿ. 30 ಬಾಕ್ಸ್ 420 ರೂಪಾಯಿಯಂತೆ, 12 ಬಾಕ್ಸ್ 360 ರೂಪಾಯಿಯಂತೆ. ಒಟ್ಟು 16,920 ರೂಪಾಯಿ. ಹಣ ಕೊಡುವ ದಿನ 17 ಆಗಸ್ಟ್, ಸೋಮವಾರ.
ಓದುವವರು ಹಿರಿಯರು. 'ಅಣ್ಣಾ' ಎಂದು ಶುರುಮಾಡಿ, ಬಹುವಚನದಲ್ಲಿ ಮಾತಾಡಿಸಿ. ಐದು ಸಾಲು ಮೀರಬಾರದು. ಇಲ್ಲಿಲ್ಲದ ಅಂಕಿ, ಕಾರಣ ಸೇರಿಸಬೇಡಿ. ಮುಂದೆ ಬೆಲೆ ಏರುತ್ತದೆ, ಇಳಿಯುತ್ತದೆ ಎಂದು ಬರೆಯಬೇಡಿ."

ಕೊನೆಯ ಎರಡು ವಾಕ್ಯಗಳನ್ನು ಮಾತ್ರ ಬಿಡಲೇಬಾರದು. 12 ಬಾಕ್ಸ್ ಕಡಿಮೆಗೆ ಹೋದದ್ದಕ್ಕೆ ನಾವು ಕಾರಣ ಕೊಟ್ಟಿಲ್ಲ. ಕಾರಣ ಸೇರಿಸಬೇಡಿ ಅನ್ನದಿದ್ದರೆ "ಗುಣಮಟ್ಟ ಕಡಿಮೆ ಇದ್ದುದರಿಂದ" ಅಂತ ಅದೇ ಒಂದನ್ನು ಹುಟ್ಟಿಸಬಹುದು. ಬೆಳೆದವನಿಗೆ ಆ ಒಂದು ಮಾತು ಸಾಕು, ಜಗಳಕ್ಕೆ. ಹಾಗೆಯೇ ಸಮಾಧಾನಕ್ಕೆಂದು "ಮುಂದಿನ ವಾರ ಉತ್ತಮ ಬೆಲೆ ನಿರೀಕ್ಷಿಸಬಹುದು" ಅಂತ ಬಾಲ ಅಂಟಿಸುವುದೂ ಉಂಟು. ಅದನ್ನು ನಂಬಿ ಯಾರಾದರೂ ಕೊಯ್ಲು ನಾಲ್ಕು ದಿನ ಮುಂದೂಡಿದರೆ ಹಣ್ಣು ಗಿಡದಲ್ಲೇ ಮೆತ್ತಗಾಗುತ್ತದೆ.

ಒಟ್ಟು ಮೊತ್ತವನ್ನೂ ನಾವೇ ಬರೆದಿರುವುದನ್ನು ಗಮನಿಸಿ. ಗುಣಾಕಾರ, ಕೂಡುವುದು ಇವನ್ನು ಎಕ್ಸೆಲ್‌ನಲ್ಲೋ ಕ್ಯಾಲ್ಕುಲೇಟರಿನಲ್ಲೋ ಮಾಡಿ ಉತ್ತರ ಕೊಡಿ. ಹತ್ತು ಸಲ ಸರಿ ಬಂದ ಲೆಕ್ಕ ಹನ್ನೊಂದನೆಯ ಸಲ ತಪ್ಪಿದರೂ ಅಷ್ಟೇ ಖಚಿತವಾದ ದನಿಯಲ್ಲಿ ಬರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ ಬರೆಸುವಾಗ "1,42,800 ಎಂಬ ರೀತಿಯಲ್ಲೇ ಅಂಕಿ ಇರಲಿ, ಲಕ್ಷವನ್ನು ಮಿಲಿಯನ್ ಮಾಡಬೇಡಿ" ಅಂತಲೂ ಸೇರಿಸಿ.

ಇನ್ನು ಭಾಷೆ. ಮಾದರಿಗಳ ಕನ್ನಡ ಸುಮ್ಮನೆ ಬಿಟ್ಟರೆ ಸುತ್ತೋಲೆಯ ಕನ್ನಡವಾಗುತ್ತದೆ: "ತಮ್ಮ ಬಾಕಿ ಪಾವತಿಯನ್ನು ಶೀಘ್ರವಾಗಿ ಇತ್ಯರ್ಥಪಡಿಸಬೇಕಾಗಿ ವಿನಂತಿ." ಮಂಡಿಯಲ್ಲಿ ಹೀಗೆ ಯಾರೂ ಮಾತಾಡುವುದಿಲ್ಲ. "ಸರಳವಾಗಿ ಬರೆ" ಅಂದರೆ ಸ್ವಲ್ಪ ಮೆತ್ತಗಾಗುತ್ತದೆ, ಅಷ್ಟೇ. ನೀವು ಹಿಂದೆ ಕಳಿಸಿದ ಮೂರು ನಾಲ್ಕು ಮೆಸೇಜುಗಳನ್ನೇ ಪ್ರಾಂಪ್ಟಿಗೆ ಹಾಕಿ "ಈ ಧಾಟಿಯಲ್ಲಿ" ಅನ್ನಿ. ಬದಲಾವಣೆ ಕೂಡಲೇ ಕಾಣುತ್ತದೆ. 2020ರಲ್ಲಿ ಬಂದ, ಜಿಪಿಟಿ-3 ಎಂಬ ಭಾಷಾ ಮಾದರಿಯ ಸಂಶೋಧನಾ ಪ್ರಬಂಧದ ಮುಖ್ಯ ವಿಷಯವೇ ಇದು: ಕೆಲವೇ ಉದಾಹರಣೆ ಮುಂದಿಟ್ಟರೆ ಮಾದರಿ ಹೊಸದಾಗಿ ತರಬೇತಿ ಇಲ್ಲದೆಯೇ ಆ ಜಾಡು ಹಿಡಿಯುತ್ತದೆ. ಸೂಚನೆ ಇಂಗ್ಲಿಷಿನಲ್ಲಿದ್ದರೂ ನಡೆಯುತ್ತದೆ, ಉದಾಹರಣೆ ಮಾತ್ರ ನಿಮ್ಮ ಕನ್ನಡದಲ್ಲೇ ಇರಲಿ.

ಅನುವಾದಕ್ಕೆ ಪದಪಟ್ಟಿ ಬೇಕೇ ಬೇಕು. ನಮಗೆ "ಹಣ್ಣು" ಅಂದರೆ ಪೂರ್ತಿ ಮಾಗಿದ ಟೊಮೆಟೊ, "ಕಾಯಿ" ಅಂದರೆ ದೂರದ ಲೋಡಿಗೆ ತಡೆಯುವಂಥದ್ದು. ಇದನ್ನು ಹೇಳದಿದ್ದರೆ ಹಿಂದಿಯಲ್ಲಿ ಹಣ್ಣು "ಫಲ್" ಆಗಿ, ಓದಿದವನಿಗೆ ಮಾಗಿದ ಮಾಲೋ ಬೇರೇನೋ ತಿಳಿಯುವುದಿಲ್ಲ. ಮೂರು ದಿನ ಲಾರಿಯಲ್ಲಿ ಹೋಗಬೇಕಾದ ಲೋಡಿಗೆ ಮಾಗಿದ ಮಾಲು ಹೋದರೆ ಆಗುವ ನಷ್ಟ ಎಲ್ಲರಿಗೂ ಗೊತ್ತು. ಹತ್ತು ಹದಿನೈದು ಪದ ಬರೆದಿಟ್ಟು, ಒಂದೊಂದರ ಮುಂದೆ ಅರ್ಥವನ್ನೂ ಖರೀದಿದಾರರು ಬಳಸುವ ಪದವನ್ನೂ ಸೇರಿಸಿ, ಪ್ರತಿ ಅನುವಾದದ ಪ್ರಾಂಪ್ಟಿಗೂ ಅಂಟಿಸಿ. ಆ ಭಾಷೆ ಬಲ್ಲವರು ಮಂಡಿಯಲ್ಲಿ ಇದ್ದೇ ಇರುತ್ತಾರೆ. ಮೊದಲ ಕೆಲವು ಸಲ ಅವರಿಂದ ಓದಿಸಿ.

ವಾಟ್ಸ್‌ಆ್ಯಪ್‌ಗೆ ಬಂದ ಆರ್ಡರುಗಳನ್ನು ಪಟ್ಟಿ ಮಾಡಿಸುವುದು ಇನ್ನೊಂದು ಉಪಯುಕ್ತ ಕೆಲಸ. ಇಲ್ಲಿ ಸುಲಭದ ಉದಾಹರಣೆಗಿಂತ ಗೊಂದಲದ ಉದಾಹರಣೆಗಳನ್ನೇ ಕೊಡಬೇಕು.

"ನಾಳೆ 300 ಬಾಕ್ಸ್, 400ರ ಒಳಗೆ ನೋಡಿ": ಬಾಕ್ಸ್ 300, ದರದ ಮಿತಿ 400.
"ಒಂದು ಗಾಡಿ ಸಾಕು": ಬಾಕ್ಸ್ ಖಾಲಿ, ಷರಾ "ಎಷ್ಟು ಬಾಕ್ಸ್ ಎಂದು ಕೇಳಬೇಕು".
"ನಿನ್ನೆ ಹಾಕಿದ್ದೇ ಹಾಕಿ": ಬಾಕ್ಸ್ ಖಾಲಿ, ಷರಾ "ನಿನ್ನೆಯ ಆರ್ಡರ್ ನೋಡಬೇಕು".

ಖಾಲಿ ಬಿಡುವುದೂ ಸರಿಯಾದ ಉತ್ತರವೇ ಅಂತ ಕೊನೆಯ ಎರಡು ಸಾಲು ತೋರಿಸಿಕೊಡುತ್ತವೆ. ಇವಿಲ್ಲದಿದ್ದರೆ "ಒಂದು ಗಾಡಿ" ಅನ್ನುವುದಕ್ಕೆ ತನಗೆ ತೋಚಿದ ಸಂಖ್ಯೆ ಹಾಕುತ್ತದೆ. ಪ್ರತಿ ಮೆಸೇಜಿನ ಜೊತೆ ಅದು ಬಂದ ತಾರೀಖು ಇರಬೇಕು, ಇಲ್ಲವಾದರೆ "ನಾಳೆ" ಯಾವ ದಿನ ಅಂತ ಗೊತ್ತಾಗುವುದಿಲ್ಲ. ಮೂಲ ಮೆಸೇಜನ್ನೂ ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿ ಹಾಗೇ ಉಳಿಸಲು ಹೇಳಿ; ತಾಳೆ ನೋಡುವುದು ಸುಲಭ. "ಒಂದೂವರೆ ಸಾವಿರ", "ಮುಕ್ಕಾಲು ಲೋಡು" ಇಂಥ ಮಾತುಗಳನ್ನು ಕಣ್ಣಿಟ್ಟು ನೋಡಿ.

ಬಾಕಿ ವಸೂಲಿ ಪತ್ರದಲ್ಲಿ ಅಪಾಯ ಕಾನೂನಿನದು. "ಸ್ವಲ್ಪ ಬಿಗಿಯಾಗಿ ಬರೆ" ಅಂದರೆ ಮಾದರಿ ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯನ್ನು ಎಳೆದು ತರಬಹುದು: 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ಕಾಯ್ದೆಯಲ್ಲಿ ಅದು ಇರುವುದು ನಿಜ. ವೇಮಗಲ್‌ನಲ್ಲೋ ನರಸಾಪುರದಲ್ಲೋ ಬಿಡಿಭಾಗ ತಯಾರಿಸುವ, ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಇರುವ ಸಣ್ಣ ಘಟಕಕ್ಕೆ ಇದು ಒಳ್ಳೆಯ ಆಸರೆ. ಆದರೆ ಕೊಂಡು ಮಾರುವ ವ್ಯಾಪಾರಿಗಳಿಗೆ 2021ರ ಜುಲೈನಲ್ಲಿ ಉದ್ಯಮ್ ನೋಂದಣಿ ತೆರೆದಾಗ, ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ ಮಾಡಿದ್ದರು. ಆ ಬಡ್ಡಿಯ ಮಾತನ್ನು ವ್ಯಾಪಾರಿಯೊಬ್ಬ ಪತ್ರದಲ್ಲಿ ಹಾಕಿದರೆ ಅದನ್ನು ತಳ್ಳಿಹಾಕುವುದು ಎದುರಿನವರ ವಕೀಲರಿಗೆ ಒಂದೇ ನಿಮಿಷದ ಕೆಲಸ. "ಕಾನೂನಿನ ಉಲ್ಲೇಖ ಬೇಡ, ಬಿಲ್ ನಂಬರು, ತಾರೀಖು, ಮೊತ್ತ, ಹಿಂದೆ ಫೋನಿನಲ್ಲಿ ಒಪ್ಪಿದ ದಿನ ಇವಿಷ್ಟೇ ಇರಲಿ" ಅಂತ ಪ್ರಾಂಪ್ಟಿನಲ್ಲೇ ಬರೆಯಿರಿ. ಕಾಯ್ದೆ ಬೇಕಾದರೆ ಆಡಿಟರ್ ಹೇಳಿದ ವಾಕ್ಯವನ್ನು ಹಾಗೇ ಕೊಡಿ.

ರೈತರ ಫೋನ್ ನಂಬರು, ಬ್ಯಾಂಕ್ ಖಾತೆ, ಆಧಾರ್ ಇವನ್ನು ಹಾಕಲೇಬೇಡಿ. "ರೈತ 1", "ರೈತ 2" ಅಂತ ಕೊಟ್ಟು ಆಮೇಲೆ ಹೆಸರು ಸೇರಿಸಿಕೊಳ್ಳಿ.

ಒಂದೇ ಚಾಟಿನಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಎಲ್ಲ ಕೆಲಸ ಮಾಡಿಸುವುದೂ ಬೇಡ. ಮಾತು ಉದ್ದವಾದಷ್ಟೂ ಮೊದಲಿನ ಸೂಚನೆಯ ಹಿಡಿತ ಸಡಿಲವಾಗುತ್ತದೆ, ಒಬ್ಬ ರೈತನ ಅಂಕಿ ಇನ್ನೊಬ್ಬನ ಮೆಸೇಜಿಗೆ ನುಸುಳುತ್ತದೆ. ಕನ್ನಡದ ಪಠ್ಯ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಮಾದರಿ ಪಠ್ಯವನ್ನು ಒಡೆದುಕೊಳ್ಳುವ ತುಣುಕು) ತಿನ್ನುವುದರಿಂದ ಚಾಟಿನ ಮಿತಿಯೂ ಬೇಗ ಮುಟ್ಟುತ್ತದೆ. ಕೆಲಸಕ್ಕೊಂದು ಹೊಸ ಚಾಟ್ ತೆರೆದು, ಬರೆದಿಟ್ಟ ಪ್ರಾಂಪ್ಟನ್ನು ಅಂಟಿಸಿ, ಆ ದಿನದ ಅಂಕಿ ಮಾತ್ರ ಬದಲಿಸಿ.

ಹೊಸ ಪ್ರಾಂಪ್ಟನ್ನು ದಿನದ ಕೆಲಸಕ್ಕೆ ಇಳಿಸುವ ಮೊದಲು ಕಳೆದ ತಿಂಗಳ 20 ವ್ಯವಹಾರ ಆರಿಸಿ ಓಡಿಸಿ ನೋಡಿ. ಎರಡು ದರಕ್ಕೆ ಹೋದದ್ದು, ಮಾಲು ವಾಪಸ್ ಬಂದದ್ದು, ಅರ್ಧ ಹಣ ಮಾತ್ರ ಕೊಟ್ಟದ್ದು ಆ ಇಪ್ಪತ್ತರಲ್ಲಿ ಇರಲೇಬೇಕು. ಎಲ್ಲಿ ತಪ್ಪಿತೋ ಅದಕ್ಕೆ ಒಂದು ಸಾಲು ಸೇರಿಸಿ, ಮತ್ತೆ ಇಪ್ಪತ್ತನ್ನೂ ಓಡಿಸಿ. ಒಂದನ್ನು ತಿದ್ದಲು ಹೋಗಿ ಇನ್ನೊಂದು ಕೆಡುವುದು ಮಾಮೂಲು. ಆಮೇಲೂ ಕಳಿಸುವ ಮುಂಚೆ ಒಬ್ಬರು ಮೆಸೇಜಿನ ಅಂಕಿಗಳನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಲೆಕ್ಕದ ಚೀಟಿ ಹಿಡಿದು ತಾಳೆ ನೋಡಲಿ.