ಇಷಾಪುರದ ರೈಫಲ್ಲಿಗೆ ಮರ ಕೂಡಿಸಿದ ದಿನ

14 ಸೆಪ್ಟೆಂಬರ್ 2024, ಶನಿವಾರ
ಓಹಾಯೊ

ಬೇಸಿಗೆಯಿಂದಲೂ ಗ್ಯಾರೇಜಿನ ಮೇಜಿನ ಮೇಲೆ ಬಿಡಿಬಿಡಿಯಾಗಿ ಬಿದ್ದಿದ್ದ, ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ಆದ ರೈಫಲ್ಲಿಗೆ ಈ ದಿನ ಮುಂಭಾಗದ ಮರ ಅಲುಗಾಟವಿಲ್ಲದೆ ಕೂತಿತು. ಟ್ರಿಗರ್ ಗಾರ್ಡಿನ ಮುಂದಿನ ತಿರುಪನ್ನು ಬಿಗಿ ಮಾಡಿ, ನಳಿಗೆಯ ತುದಿಯನ್ನು ಬೆರಳಿನಿಂದ ಒಂದಿಷ್ಟು ಪಕ್ಕಕ್ಕೆ ಒತ್ತಿ ಬಿಟ್ಟರೆ ಈಗ ಅದು ನೋಸ್‌ಕ್ಯಾಪಿನ, ಎಂದರೆ ಮರದ ಮುಂತುದಿಗೆ ತೊಡಿಸುವ ಲೋಹದ ಟೊಪ್ಪಿಗೆಯ, ನಡುವಿಗೆ ತಾನಾಗಿ ಮರಳುತ್ತದೆ. ಹೀಗೆ ಮರಳುವುದೇ ಮರಗೆಲಸ ಸರಿಯಾಗಿದೆ ಎನ್ನುವುದಕ್ಕೆ ಸಾಕ್ಷಿಯಾದ್ದರಿಂದ, ಮಾಡಿದ್ದನ್ನೆಲ್ಲ ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಇದು ನಂಬರ್ 1, ಮಾರ್ಕ್ 3 ಸ್ಟಾರ್ ಎಂಬ ಮಾದರಿಯ ಲೀ-ಎನ್‌ಫೀಲ್ಡ್, ಬ್ರಿಟಿಷ್ ಸೇನೆ ಬಳಸುತ್ತಿದ್ದ ರೈಫಲ್ಲು. ಬಟ್ಟು, ಎಂದರೆ ಹೆಗಲಿಗೆ ಒತ್ತುವ ಹಿಂಭಾಗದ ಮರ, ಅದರ ಕತ್ತಿನ ಬಳಿ ಇರುವ ಉಕ್ಕಿನ ಪಟ್ಟಿಯ ಬಲಬದಿಯಲ್ಲಿ ಕಿರೀಟ, ಅದರ ಕೆಳಗೆ ಜಿ.ಆರ್.ಐ. ಎಂಬ ಮೂರು ಅಕ್ಷರಗಳು, ಅದರ ಕೆಳಗೆ ಇಷಾಪುರದ ಹೆಸರು ಮತ್ತು 1942ನೇ ಇಸವಿ ಇವೆ. ಆ ಅಕ್ಷರಗಳ ವಿಸ್ತಾರ ಜಾರ್ಜಿಯಸ್ ರೆಕ್ಸ್ ಇಂಪೆರೇಟರ್, ಅಂದರೆ ದೊರೆಯೂ ಚಕ್ರವರ್ತಿಯೂ ಆದ ಜಾರ್ಜ್. ಸ್ವಾತಂತ್ರ್ಯದ ನಂತರ ಅದೇ ಕಾರ್ಖಾನೆಯಿಂದ ಹೊರಬಂದ ರೈಫಲ್ಲುಗಳ ಮೇಲೆ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು. ಎರಡೂ ಕಾಲದ ರೈಫಲ್ಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂಬ ಆಸೆಯಿಂದಲೇ ನಾನು ಈ ಹವ್ಯಾಸಕ್ಕೆ ಬಿದ್ದದ್ದು. ಇಂಗ್ಲೆಂಡಿನಲ್ಲಿ, ಆಸ್ಟ್ರೇಲಿಯಾದ ಲಿಥ್‌ಗೋದಲ್ಲಿ ಆದ ರೈಫಲ್ಲುಗಳಿಗೆ ಇಲ್ಲಿನ ಸಂಗ್ರಾಹಕರಲ್ಲಿ ಹೆಚ್ಚಿನ ಮರ್ಯಾದೆ ಉಂಟು. ಇಷಾಪುರದವುಗಳನ್ನು ಒರಟು ಕೆಲಸ ಎಂದು ಕೆಳಗಿನ ಸಾಲಿನಲ್ಲಿ ನಿಲ್ಲಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ಬಾಡಿಯ, ಎಂದರೆ ನಳಿಗೆಯ ಹಿಂದಿರುವ ಉಕ್ಕಿನ ಮೈಯ, ಮೇಲೆ ಅರದ ಗೆರೆಗಳು ಉಳಿದಿರುವುದು ನಿಜ, ಆದರೆ ತೋಟೆಯನ್ನು ನಳಿಗೆಗೆ ತಳ್ಳಿ ಮುಚ್ಚುವ ಬೋಲ್ಟ್ ಓಡುವ ಜಾಡುಗಳಲ್ಲಿ, ಲಾಕ್ ಆಗುವ ಮುಖಗಳಲ್ಲಿ, ಎಂದರೆ ಸಿಪಾಯಿಯ ಪ್ರಾಣ ನಿಂತಿದ್ದ ಜಾಗಗಳಲ್ಲಿ, ಕೆಲಸ ನಯವಾಗಿಯೇ ಇದೆ. ಯುದ್ಧಕಾಲದ ಕಾರ್ಖಾನೆಯೊಂದು ಎಲ್ಲಿ ಸಮಯ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂದು ಬಲ್ಲದ್ದರ ಗುರುತು ಇದು.

ಇಷಾಪುರ ಕಲ್ಕತ್ತೆಯ ಉತ್ತರಕ್ಕೆ ಹೂಗ್ಲಿ ದಂಡೆಯ ಮೇಲಿದೆ. ಕಂಪನಿ ಸರ್ಕಾರದ ಕಾಲದ ಮದ್ದಿನ ಕಾರ್ಖಾನೆ ಇದ್ದ ಜಾಗದಲ್ಲಿ 20ನೇ ಶತಮಾನದ ಆರಂಭದಲ್ಲಿ ರೈಫಲ್ ಕಾರ್ಖಾನೆ ಎದ್ದಿತು. ಬ್ರಿಟನ್ ಎರಡನೇ ಮಹಾಯುದ್ಧದಲ್ಲಿ ನಂಬರ್ 4 ಎಂಬ ಹೊಸ ಮಾದರಿಗೆ ಹೊರಳಿದಾಗಲೂ ಇಷಾಪುರ ಮತ್ತು ಲಿಥ್‌ಗೋ ಹಳೆಯ ನಂಬರ್ 1 ಅನ್ನೇ ಮಾಡುತ್ತ ಹೋದವು. ಆ ಯುದ್ಧದಲ್ಲಿ 25 ಲಕ್ಷಕ್ಕೂ ಹೆಚ್ಚು ಮಂದಿ ಭಾರತೀಯರು ಸೈನ್ಯ ಸೇರಿದರು. ಅವರ ಕೈಗೆ ಬಂದೂಕು ಒದಗಿಸುವ ಹೊರೆಯ ದೊಡ್ಡ ಪಾಲನ್ನು ಹೊತ್ತದ್ದು ಬಂಗಾಳದ ಈ ಕಾರ್ಖಾನೆಯ ಕಾರ್ಮಿಕರು. ಕಳೆದ ವಾರ ಫೋನಿನಲ್ಲಿ ಚಿತ್ರ ತೋರಿಸಿದಾಗ ಮೈಸೂರಿನಿಂದ ಅಪ್ಪ ಕೇಳಿದ್ದು ಒಂದೇ ಮಾತು: "ಇದು ನಮ್ಮ ತ್ರೀ ನಾಟ್ ತ್ರೀ ಅಲ್ವೇನೋ?" 0.303 ಇಂಚಿನ ತೋಟೆಯಿಂದ ಬಂದ ಹೆಸರು ಅದು. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿ ಪರೇಡಿಗೆ ಹೆಗಲ ಮೇಲೆ ಹೊತ್ತ ಬಂದೂಕಿನ ಭಾರ ಅವರಿಗೆ ಇನ್ನೂ ನೆನಪಿದೆ. ಪೊಲೀಸ್ ಠಾಣೆಯ ಸೆಂಟ್ರಿಯ ಕೈಯಲ್ಲಿ ನಾವೆಲ್ಲ ಚಿಕ್ಕಂದಿನಿಂದ ಕಂಡ ಬಂದೂಕೂ ಇದೇ ಕುಲದ್ದು.

ನನ್ನ ಕೈಗೆ ಬಂದಾಗ ಇದು ಅರ್ಧ ಬಂದೂಕಾಗಿತ್ತು. ಎರಡನೇ ಮಹಾಯುದ್ಧದ ನಂತರ ಲಕ್ಷಗಟ್ಟಲೆ ಸೇನಾ ರೈಫಲ್ಲುಗಳು ಅಮೆರಿಕಕ್ಕೆ ಅತಿ ಅಗ್ಗವಾಗಿ ಹರಿದುಬಂದವು. ಅಂಚೆಯಲ್ಲಿ ತರಿಸಿಕೊಳ್ಳಬಹುದಾಗಿದ್ದ ಕಾಲ ಅದು. ಜಿಂಕೆಯ ಬೇಟೆಗೆ ಭಾರ ಕಡಿಮೆಯಾಗಲೆಂದು ಕೊಂಡವರು ಮುಂಭಾಗದ ಮರವನ್ನು ಗರಗಸದಿಂದ ಅರ್ಧಕ್ಕೆ ಕತ್ತರಿಸಿ, ನೋಸ್‌ಕ್ಯಾಪನ್ನೂ ನಳಿಗೆಯ ಮೇಲಿನ ಮರದ ಹೊದಿಕೆಗಳನ್ನೂ ಕಸಕ್ಕೆ ಹಾಕುತ್ತಿದ್ದರು. ಅವರನ್ನು ದೂರುವುದು ನ್ಯಾಯವಲ್ಲ. ಅವರಿಗೆ ಬೇಕಾಗಿದ್ದುದು ಚಳಿಗಾಲದ ಮಾಂಸ, ಆ ಹೊತ್ತಿಗೆ ಈ ಬಂದೂಕಿಗೆ ಚರಿತ್ರೆಯ ಬೆಲೆ ಬಂದಿರಲಿಲ್ಲ. 1968ರ ಬಂದೂಕು ನಿಯಂತ್ರಣ ಕಾಯ್ದೆ ಸೇನಾ ಬಂದೂಕುಗಳ ಆಮದನ್ನು ನಿಲ್ಲಿಸಿತು, 1984ರ ತಿದ್ದುಪಡಿ ಹಳೆಯ ಸಂಗ್ರಹಯೋಗ್ಯ ರೈಫಲ್ಲುಗಳಿಗೆ ಮತ್ತೆ ಬಾಗಿಲು ತೆರೆಯಿತು. ಆ ಬಳಿಕ ಬಂದವುಗಳ ಮೈಮೇಲೆ ಆಮದುದಾರನ ಮುದ್ರೆ ಇರುತ್ತದೆ. ನನ್ನದರ ಮೇಲೆ ಅಂಥ ಮುದ್ರೆ ಇಲ್ಲ.

ಇಂಥದ್ದನ್ನು ಕೊಳ್ಳುವ ಮೊದಲು ನೋಡಬೇಕಾದದ್ದು ಲೋಹವನ್ನು. ಮರವನ್ನು ಮತ್ತೆ ಹೊಂದಿಸಬಹುದು, ಕೊರೆದ ಉಕ್ಕನ್ನು ಹಿಂದಿನಂತೆ ಮಾಡಲು ಬಾರದು. ದೂರದರ್ಶಕ ಕೂರಿಸಲು ಬಾಡಿಯಲ್ಲಿ ತೂತು ಕೊರೆದಿದ್ದರೆ, ನಳಿಗೆಯನ್ನು 25.2 ಇಂಚಿಗಿಂತ ಗಿಡ್ಡ ಮಾಡಿದ್ದರೆ, ಹಿಂದಿನ ಗುರಿಕಂಡಿಯನ್ನು ಕಿತ್ತು ಅದರ ಬುಡವನ್ನು ಅರೆದಿದ್ದರೆ, ಅಂಥ ರೈಫಲ್ಲನ್ನು ಬೇಟೆಯ ರೈಫಲ್ಲಾಗಿಯೇ ಬಾಳಲು ಬಿಡುವುದು ಮೇಲು. ಇದರಲ್ಲಿ ಗರಗಸ ಮರವನ್ನಷ್ಟೇ ಮುಟ್ಟಿತ್ತು. ಬೋಲ್ಟಿನ ಹಿಡಿಯ ಹಿಂಬದಿಯಲ್ಲಿರುವ ಸಂಖ್ಯೆ ಬಾಡಿಯ ಸಂಖ್ಯೆಗೆ ಹೊಂದುತ್ತಿತ್ತು. ಇವೆರಡೂ ಒಟ್ಟಿಗೆ ಉಳಿದಿರುವುದೇ ದೊಡ್ಡ ಭಾಗ್ಯ ಎಂದುಕೊಂಡು ಕೊಂಡೆ.

ಈ ಮಾದರಿಯನ್ನು ಬಿಚ್ಚುವಾಗ ಒಂದು ಕ್ರಮವನ್ನು ಯಾರೂ ಮೀರಬಾರದು. ಬಟ್ಟನ್ನು ಬಾಡಿಗೆ ಹಿಡಿದಿಡುವ ಉದ್ದನೆಯ ತಿರುಪು-ಬೋಲ್ಟಿನ ಮುಂತುದಿ ಚೌಕವಾಗಿದ್ದು, ಅದು ಮುಂಭಾಗದ ಮರದ ಹಿಂತುದಿಯಲ್ಲಿರುವ ಸಣ್ಣ ತಗಡಿನ ಕಂಡಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಬಟ್ಟು ಸಡಿಲವಾಗದಿರಲೆಂದು ಮಾಡಿದ ಜಾಣ ಏರ್ಪಾಡು ಇದು. ಮುಂಭಾಗದ ಮರವನ್ನು ತೆಗೆಯದೆ ಬಟ್ಟಿನ ಬೋಲ್ಟನ್ನು ತಿರುಗಿಸಿದರೆ ಆ ಚೌಕ ತುದಿ ತಗಡನ್ನು ತಿರುಚಿ ಮರವನ್ನು ಸೀಳಿಬಿಡುತ್ತದೆ. ಮಾರಾಟಕ್ಕೆ ಬರುವ ಹಳೆಯ ಮರಗಳಲ್ಲಿ ಹಿಂತುದಿ ಸೀಳಿದವು ಕಂಡರೆ ಅದಕ್ಕೆ ಇದೂ ಒಂದು ಕಾರಣವಿರಬಹುದು.

ನಾನು ತರಿಸಿದ ಮರವೂ ಭಾರತದ್ದೇ, ಸೇನೆಯ ಬಿಡಿಭಾಗಗಳ ದಾಸ್ತಾನಿನಿಂದ ಬಂದದ್ದು. ತೋಟೆಗಳನ್ನು ತುಂಬುವ ಪೆಟ್ಟಿಗೆಯಾದ ಮ್ಯಾಗಜಿನ್ ಕೂರುವ ಕಂಡಿಯ ಮುಂದೆ ಅಡ್ಡಲಾಗಿ ಹಾಯ್ದ ಒಂದು ತಿರುಪು ಅದರ ಹುಟ್ಟೂರನ್ನು ಹೇಳುತ್ತದೆ. ಬಿಸಿಲಿಗೆ ಒಣಗಿ, ಮಳೆಗಾಲದಲ್ಲಿ ಉಬ್ಬಿ ಸೀಳುತ್ತಿದ್ದ ಮರವನ್ನು ಬಿಗಿಹಿಡಿಯಲು ಭಾರತದಲ್ಲಿ ಕೂಡಿಸಿದ ತಿರುಪು ಅದು. ಆಸ್ಟ್ರೇಲಿಯಾದವರು ಮೆದುವಾದ ತಮ್ಮ ಮರಕ್ಕೆ ತಾಮ್ರದ ತಗಡಿನ ತುಂಡುಗಳನ್ನು ಒತ್ತಾಸೆಯಾಗಿ ಕೂರಿಸಿದರು. ಒಂದೇ ನಕ್ಷೆಯ ಬಂದೂಕು ಒಂದೊಂದು ನಾಡಿನ ಹವೆಗೂ ಮರಕ್ಕೂ ಹೀಗೆ ಬೇರೆ ಬೇರೆಯಾಗಿ ಒಗ್ಗಿಕೊಂಡದ್ದನ್ನು ಕೈಯಾರೆ ಮುಟ್ಟಿ ತಿಳಿಯುವುದು ನನಗೆ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಸಂತೋಷ.

ಮರವನ್ನು ಕೂರಿಸುವ ಕೆಲಸದ ಜೀವಾಳ ಮ್ಯಾಗಜಿನ್ ಕಂಡಿಯ ಹಿಂದಿರುವ ಎರಡು ಪುಟ್ಟ ಮುಖಗಳಲ್ಲಿದೆ. ಗುಂಡು ಹಾರಿದಾಗ ಬಾಡಿ ಹಿಂದಕ್ಕೆ ಒದೆಯುತ್ತದೆ, ಆ ಒದೆತವನ್ನು ಎದೆಗೊಟ್ಟು ತಡೆಯುವುದು ಹೆಬ್ಬೆರಳಿನ ಉಗುರಿಗಿಂತ ಹೆಚ್ಚು ಅಗಲವಿಲ್ಲದ ಆ ಎರಡು ಮರದ ಮುಖಗಳು. ಒಂದು ಬದಿ ತಾಗಿ ಇನ್ನೊಂದು ಬದಿ ತಾಗದಿದ್ದರೆ ನಳಿಗೆ ಪ್ರತಿ ಸಲ ಒಂದು ಕಡೆಗೆ ತುಯ್ಯುತ್ತದೆ. ಎರಡೂ ತಾಗದಿದ್ದರೆ ಬಾಡಿಯ ಹಿಂತುದಿಯೇ ಆಪಿನಂತೆ ಮರದೊಳಕ್ಕೆ ನುಗ್ಗಿ ಅದನ್ನು ಎರಡಾಗಿ ಸೀಳುತ್ತದೆ. ಆದ್ದರಿಂದ ಉಕ್ಕಿಗೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ತೆಳುವಾಗಿ ಸವರಿ, ಮರದ ಮೇಲೆ ಒತ್ತಿ, ಬಿಚ್ಚಿ, ಕಪ್ಪು ಹತ್ತಿದ ಕಡೆ ಮಾತ್ರ ಉಳಿಯ ಅಂಚಿನಿಂದ ಕೆರೆದು, ಮತ್ತೆ ಸವರಿ ಒತ್ತುತ್ತ ಹೋಗಬೇಕು. ಬೇಸಿಗೆಯ ಸಂಜೆಗಳೆಲ್ಲ ಇದಕ್ಕೇ ಸಂದವು. ಬಲಬದಿಯ ಮುಖ ಹಿಂದಿನ ಬಳಕೆಯಲ್ಲಿ ಜಜ್ಜಿಹೋಗಿದ್ದರಿಂದ ಅಲ್ಲಿ ಗಟ್ಟಿಮರದ ಸಣ್ಣ ತುಂಡೊಂದನ್ನು, ಎಳೆಯ ತುದಿ ಒದೆತಕ್ಕೆ ಎದುರಾಗುವಂತೆ ನಿಲ್ಲಿಸಿ, ಅಂಟಿನಿಂದ ಕೂಡಿಸಿದೆ. ಈಗ ಕಾಡಿಗೆ ಎರಡೂ ಬದಿಗಳಲ್ಲಿ ಸಮನಾಗಿ ಹತ್ತುತ್ತಿದೆ.

ಮುಂದಿನ ತಿರುಪಿನ ಸುತ್ತ ಒಂದು ಉಕ್ಕಿನ ಕೊಳವೆಯಂಥ ಬಳೆ ಇರುತ್ತದೆ. ತಿರುಪು ಬಿಗಿಯಾದಾಗ ಮರ ನಲುಗದಂತೆ ಕಾಯುವುದು ಅದರ ಕೆಲಸ. ಮರ ಒಣಗಿ ಕುಗ್ಗಿದ್ದರೆ ಬಳೆಯೇ ಭಾರವನ್ನೆಲ್ಲ ಹೊತ್ತು, ಮರ ಸಡಿಲವಾಗಿ ಉಳಿಯುತ್ತದೆ. ಇನ್ನೂ ಮುಂದೆ, ನೋಸ್‌ಕ್ಯಾಪಿನ ಹತ್ತಿರ, ಸಣ್ಣ ಸ್ಪ್ರಿಂಗಿನ ಮೇಲೆ ಕೂತ ಗುಬುಟೊಂದು ನಳಿಗೆಯನ್ನು ಕೆಳಗಿನಿಂದ ಮೆಲ್ಲಗೆ ಎತ್ತಿ ಹಿಡಿಯುತ್ತದೆ. ಬೇಟೆಗಾರರು ಮರ ಕತ್ತರಿಸಿದಾಗ ಈ ಗುಬುಟೂ ಸ್ಪ್ರಿಂಗೂ ಎಲ್ಲೋ ಉರುಳಿಹೋಗುತ್ತಿದ್ದವು. ಗುಬುಟಿಲ್ಲದ ನಂಬರ್ 1 ಸರಿಯಾಗಿ ಗುರಿ ಹಿಡಿಯದಿದ್ದರೆ ಅದು ಬಂದೂಕಿನ ದೋಷವಲ್ಲ.

ಮರದ ಮೇಲಿನ ಹಳೆಯ ಗ್ರೀಸನ್ನು ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜುಲೈ ಬಿಸಿಲಿನಲ್ಲಿ ಇಟ್ಟಿದ್ದೆ. ಬಿಸಿಗೆ ಒಳಗಿನ ಜಿಡ್ಡೆಲ್ಲ ಬೆವತು ಹೊರಬಂತು. ನಗ್ಗಿದ ಕಡೆ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿದರೆ ಹಬೆಗೆ ಎಳೆಗಳು ಉಬ್ಬಿ ಮೇಲೇಳುತ್ತವೆ. ಸ್ಯಾಂಡ್ ಪೇಪರನ್ನು ಮಾತ್ರ ನಾನು ಹತ್ತಿರ ಸೇರಿಸುವುದಿಲ್ಲ. ಮರದ ಮೇಲೆ ಒತ್ತಿದ ಸಣ್ಣ ಸಣ್ಣ ಮುದ್ರೆಗಳು ತಪಾಸಣೆ ಮಾಡಿದವರ, ದುರಸ್ತಿ ಮಾಡಿದವರ ಗುರುತುಗಳು. ಹೊಳಪಿಗಾಗಿ ಅವನ್ನು ಉಜ್ಜಿ ಅಳಿಸುವುದನ್ನು ಜೀರ್ಣೋದ್ಧಾರ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಉಕ್ಕಿನ ಮೇಲೂ ಅಷ್ಟೆ. ಕೆಂಪು ತುಕ್ಕನ್ನು ಎಣ್ಣೆ ಮತ್ತು ಅತಿ ನಯವಾದ ಉಕ್ಕಿನ ನಾರಿನಿಂದ ತೆಗೆದು, ಸವೆದ ಕಪ್ಪು ಲೇಪವನ್ನು ಇದ್ದಂತೆಯೇ ಬಿಟ್ಟಿದ್ದೇನೆ. ಬೇಟೆಗಾರ ಕತ್ತರಿಸಿದ್ದನ್ನು ತುಂಬಿಕೊಡುವುದು ನನ್ನ ಕೆಲಸ. ಸಿಪಾಯಿಯ ಅಂಗೈ ಸವೆಸಿದ್ದನ್ನು ಮುಚ್ಚುವ ಹಕ್ಕು ನನಗಿಲ್ಲ.

ಕೊನೆಗೆ ಹಸಿ ಅಗಸೆ ಎಣ್ಣೆ. ಬ್ರಿಟಿಷ್ ಸೇನೆ ಮರಕ್ಕೆ ಇದನ್ನೇ ಕುಡಿಸುತ್ತಿತ್ತು. ತೆಳುವಾಗಿ ಹಚ್ಚಿ, ಅಂಗೈಯ ಬಿಸಿಗೆ ಉಜ್ಜಿ, ಉಳಿದದ್ದನ್ನು ಒರೆಸಿ, ದಿನಗಟ್ಟಲೆ ಕಾಯಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬಾರದು. ಒಣಗುವಾಗ ಅಗಸೆ ಎಣ್ಣೆ ಬಿಸಿಯಾಗುತ್ತದೆ, ಮುದ್ದೆಯಾಗಿ ಬಿದ್ದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ನಾನು ಅವನ್ನು ಅಂಗಳದ ತಂತಿಯ ಮೇಲೆ ಹರಡಿ ಒಣಗಿಸುತ್ತೇನೆ.

ಹಾರಿಸುವ ಮೊದಲು ಬೋಲ್ಟಿನ ಮುಖಕ್ಕೂ ತೋಟೆಯ ಅಂಚು ಕೂರುವ ಜಾಗಕ್ಕೂ ನಡುವಿನ ಅಂತರವನ್ನು ಗೇಜಿನಿಂದ ಅಳೆಯಲೇಬೇಕು. 0.064 ಇಂಚಿನ ಗೇಜಿನ ಮೇಲೆ ಬೋಲ್ಟ್ ಮುಚ್ಚಬೇಕು, 0.074 ಇಂಚಿನದರ ಮೇಲೆ ಮುಚ್ಚಬಾರದು. ಇದು ಎರಡರಲ್ಲೂ ತೇರ್ಗಡೆಯಾಗಿದೆ. ಆದರೂ ಪರಿಣತ ಬಂದೂಕು ಕಮ್ಮಾರನೊಬ್ಬನಿಗೆ ತೋರಿಸದೆ ನಾನು ಯಾವ ಹಳೆಯ ರೈಫಲ್ಲನ್ನೂ ಹೆಗಲಿಗೆ ಏರಿಸುವುದಿಲ್ಲ. ತೋಟೆಗಳೂ ಹೊಸವೇ ಆಗಬೇಕು. ಹಳೆಯ ಸೇನಾ ತೋಟೆಗಳ ಕ್ಯಾಪಿನಲ್ಲಿರುವ ಕ್ಲೋರೇಟ್ ಉರಿದು ನಳಿಗೆಯಲ್ಲಿ ಉಪ್ಪನ್ನು ಬಿಡುತ್ತದೆ, ಆ ಉಪ್ಪು ಗಾಳಿಯ ತೇವವನ್ನು ಹೀರಿ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲವಾದ್ದರಿಂದಲೇ ಬ್ರಿಟಿಷ್ ಸಿಪಾಯಿಗಳಿಗೆ ಆಲಿಕೆ ಕೊಟ್ಟು, ಕುದಿಯುವ ನೀರನ್ನು ನಳಿಗೆಯೊಳಗೆ ಸುರಿಯಲು ಕಲಿಸಿದ್ದರು. 1962ರ ಚೀನಾ ಯುದ್ಧದ ನಂತರ ಇಷಾಪುರ ಇದೇ ಮೈಕಟ್ಟಿನಲ್ಲಿ, ಉತ್ತಮ ಉಕ್ಕಿನಿಂದ, 7.62 ಮಿಲಿಮೀಟರಿನ ತೋಟೆಗೆ 2ಎ ಮತ್ತು 2ಎ1 ಎಂಬ ರೈಫಲ್ಲುಗಳನ್ನು ಮಾಡಿತು. ಅವುಗಳ ತೋಟೆ ಇದಕ್ಕೆ ಹೊಂದುವುದಿಲ್ಲ ಎಂಬುದನ್ನು ಹೊಸಬರು ಚೆನ್ನಾಗಿ ನೆನಪಿಡಬೇಕು.

ಇಲ್ಲಿರುವ ಕನ್ನಡಿಗ ಗೆಳೆಯರು ಆಗಾಗ ಕೇಳುವುದರಿಂದ ಕಾನೂನಿನ ಮಾತನ್ನೂ ಬರೆಯುತ್ತೇನೆ. ಎಚ್-1ಬಿಯಂಥ ವೀಸಾದಲ್ಲಿರುವವರು, ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವುದು ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಗ್ರೀನ್ ಕಾರ್ಡ್ ಬಂದ ಮೇಲೆ ಆ ಅಡ್ಡಿ ಇರುವುದಿಲ್ಲ. 50 ವರ್ಷ ದಾಟಿದ, ಮೂಲರೂಪದಲ್ಲಿರುವ ಬಂದೂಕುಗಳಿಗೆ ಸಂಗ್ರಾಹಕರ ಲೈಸೆನ್ಸ್ ಒಂದಿದೆ. ಮೂರು ವರ್ಷಕ್ಕೆ 30 ಡಾಲರ್, ಕೊಂಡದ್ದನ್ನೂ ಕೊಟ್ಟದ್ದನ್ನೂ ಪುಸ್ತಕದಲ್ಲಿ ದಾಖಲಿಸುವುದು ಕಡ್ಡಾಯ. ಮರ ಕತ್ತರಿಸಿದ ಈ ರೈಫಲ್ಲು ಮೂಲರೂಪದಲ್ಲಿ ಇಲ್ಲದ್ದರಿಂದ ಅಂಗಡಿಯಲ್ಲಿ ಎಲ್ಲರಂತೆ ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿಯೇ ಕೊಂಡೆ. ಭಾರತದಲ್ಲಿ ತ್ರೀ ನಾಟ್ ತ್ರೀ ಸಾಮಾನ್ಯ ಲೈಸೆನ್ಸಿಗೆ ಸಿಗದ ನಿಷೇಧಿತ ಬೋರಿನದು (ಬೋರು ಎಂದರೆ ನಳಿಗೆಯ ಒಳವ್ಯಾಸ), ಆದ್ದರಿಂದ ಅಲ್ಲಿ ಈ ಹವ್ಯಾಸಕ್ಕೆ ಎಡೆಯಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ಮನೆತನದ ಕೋವಿಗಳ ಬೇರೆಯೇ ಪರಂಪರೆ, ಅದನ್ನು ಇದರೊಂದಿಗೆ ಬೆರೆಸಬಾರದು.

ಮಾರುವವರು ಇಂಥ ರೈಫಲ್ಲುಗಳಿಗೆ ಎರಡನೇ ಮಹಾಯುದ್ಧದ ಕಾಳಗಗಳು ನಡೆದ ಕೊಹಿಮಾದ, ಇಂಫಾಲದ ಕತೆಗಳನ್ನು ಅಂಟಿಸುತ್ತಾರೆ. ಕಾಗದಪತ್ರವಿಲ್ಲದ ಕತೆಯನ್ನು ನಾನು ನನ್ನ ಪುಸ್ತಕದಲ್ಲಿ ಬರೆಯುವುದಿಲ್ಲ. ಆ ಕಾಳಗಗಳಲ್ಲಿ ನಿಜವಾಗಿ ಸತ್ತವರಿಗೆ ಅದು ಗೌರವವಲ್ಲ. ಉಕ್ಕಿನ ಮೇಲೆ ಇರುವುದು ಕಾರ್ಖಾನೆಯ ಹೆಸರು, ಇಸವಿ, ಸಂಖ್ಯೆ ಮತ್ತು ಮುದ್ರೆಗಳು. ಒಂದೊಂದನ್ನೂ ಬೆಳಕಿಗೆ ಓರೆಯಾಗಿ ಹಿಡಿದು ಓದಿ, ಚಿತ್ರ ತೆಗೆದು, ಇದ್ದಷ್ಟನ್ನೇ ಬರೆದಿದ್ದೇನೆ. ಹೊಸದಾಗಿ ಕೂಡಿಸಿದ ಮರ, ನೋಸ್‌ಕ್ಯಾಪ್, ಗುಬುಟು, ಬಲಬದಿಯ ತೇಪೆ, ಇವುಗಳ ಪಟ್ಟಿಯನ್ನೂ ಒಂದು ಚೀಟಿಯಲ್ಲಿ ಬರೆದು, ಬಟ್ಟಿನ ಹಿತ್ತಾಳೆ ಮುಚ್ಚಳದ ಹಿಂದೆ ಎಣ್ಣೆಬುಡ್ಡಿ ಇಡುವ ಪೊಟರೆಯೊಳಗೆ ಸೇರಿಸಿದೆ. ಮುಂದೆ ಕೊಳ್ಳುವವರಿಗೆ ಯಾವುದು 1942ರದ್ದು, ಯಾವುದು ನಾನು ಕೂಡಿಸಿದ್ದು ಎಂದು ಗೊತ್ತಿರಬೇಕು. ನಳಿಗೆಯ ಮೇಲಿನ ಹಿಂದಿನ ಹೊದಿಕೆಯ ಸ್ಪ್ರಿಂಗ್ ಹಿಡಿ ಒಂದು ಬದಿಯಲ್ಲಿ ಸಡಿಲವಾಗಿದೆ, ನಾಳೆ ಅದನ್ನು ನೋಡಬೇಕು.