ಮಾಟುಂಗಾದಲ್ಲಿ ‘ಮದುವೆ ಅಲ್ಬಮ್’

ಮುಂಬೈ, ಭಾನುವಾರ, 8 ಡಿಸೆಂಬರ್ 2024

ಧಾರವಾಡದ ತಂಡವೊಂದು ಇಂದು ಸಂಜೆ ಮಾಟುಂಗಾದ ಮೈಸೂರು ಅಸೋಸಿಯೇಷನ್ ಸಭಾಗೃಹದಲ್ಲಿ ಗಿರೀಶ ಕಾರ್ನಾಡರ ‘ಮದುವೆ ಅಲ್ಬಮ್’ ನಾಟಕವನ್ನಾಡಿತು. ಧಾರವಾಡದ ಸಾರಸ್ವತ ಕುಟುಂಬವೊಂದು ಕಿರಿಯ ಮಗಳು ವಿದುಲಾಳನ್ನು ಅಮೆರಿಕದಲ್ಲಿರುವ, ಅವಳಿನ್ನೂ ಎದುರಾಎದುರು ಕಂಡಿರದ ಅಶ್ವಿನ್‌ಗೆ ಕೊಡಲು ಹೊರಟಿರುವ ಕಥೆಯಾದ್ದರಿಂದ ಗಾಮದೇವಿ, ತಾಡದೇವ್ ಕಡೆಯ ಸಾರಸ್ವತರೂ ಬಹಳ ಮಂದಿ ಬಂದಿದ್ದರು. ‘ಯಯಾತಿ’, ‘ಹಯವದನ’, ‘ನಾಗಮಂಡಲ’ಗಳಲ್ಲಿ ಪುರಾಣ, ಜನಪದಗಳ ಮರೆಯಿಂದ ದಾಂಪತ್ಯವನ್ನು ಕಂಡ ಕಾರ್ನಾಡರು ಇಲ್ಲಿ ಅದನ್ನು ನೇರವಾಗಿ ಮಧ್ಯಮವರ್ಗದ ಮನೆಯೊಳಕ್ಕೇ ತಂದಿದ್ದಾರೆ, ಹಾಗಾಗಿ ಪ್ರೇಕ್ಷಕನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರುವುದಿಲ್ಲ.

ನಿರ್ದೇಶಕರು ಅಡುಗೆಮನೆಯನ್ನು ರಂಗದ ಬಲಬದಿಯಲ್ಲಿ ನಾಟಕದುದ್ದಕ್ಕೂ ತೆರೆದೇ ಇಟ್ಟಿದ್ದರು. ನಡುಮನೆಯಲ್ಲಿ ಸೀರೆ, ಒಡವೆ, ಬೀಗರ ಮಾತು ನಡೆಯುತ್ತಿರುವಾಗ ಅಡುಗೆಯ ರಾಧಾಬಾಯಿ ಈಳಿಗೆಯ ಮುಂದೆ ಕುಳಿತು ಸೌತೆಕಾಯಿ ಹೆಚ್ಚುತ್ತಲೇ ಇರುತ್ತಾಳೆ. ಮದುವೆಯ ಭಾಗ್ಯವಿಲ್ಲದೆ ಒಬ್ಬನ ಆಸರೆಯಲ್ಲಿ ಬಾಳಿ, ಕಡೆಗೆ ಹುಚ್ಚಿಯಾದ ತನ್ನ ಮಗಳ ಕಥೆಯನ್ನು ಹೇಳುವಾಗಲೂ ಆ ನಟಿಯ ಕೈ ನಿಲ್ಲಲಿಲ್ಲ, ದನಿ ಏರಲಿಲ್ಲ. ಹೋಳುಗಳು ಮಾತ್ರ ಸಣ್ಣಗಾಗುತ್ತಾ ಹೋದವು. ಒಂದೇ ಸೂರಿನಡಿ ಒಬ್ಬ ತಾಯಿ ಮಗಳ ಮದುವೆಗೆ ಸಿದ್ಧತೆ ಮಾಡುತ್ತಿದ್ದಾಳೆ, ಇನ್ನೊಬ್ಬಳಿಗೆ ತನ್ನ ಮಗಳ ಹೆಸರೆತ್ತುವುದೇ ಕಷ್ಟ ಎಂಬುದನ್ನು ಇಷ್ಟು ಸ್ಪಷ್ಟವಾಗಿ ನಾನು ಓದುವಾಗ ಗ್ರಹಿಸಿರಲಿಲ್ಲ. ಎಳೆವಯಸ್ಸಿನಲ್ಲೇ ವಿಧವೆಯಾಗಿ, ಆಮೇಲೆ ಡಾ. ರಘುನಾಥ ಕಾರ್ನಾಡರ ಕೈಹಿಡಿಯಲು ವರ್ಷಗಟ್ಟಲೆ ಕಾಯಬೇಕಾಗಿ ಬಂದ ಕೃಷ್ಣಾಬಾಯಿಯವರ ಮಗ ಈ ನಾಟಕ ಬರೆದವರು. ಮದುವೆಯೆಂಬುದು ಯಾರಿಗೆ ಮರ್ಯಾದೆ ಕೊಡುತ್ತದೆ, ಯಾರನ್ನು ಹೊಸ್ತಿಲಾಚೆ ನಿಲ್ಲಿಸುತ್ತದೆ ಎಂಬ ಪ್ರಶ್ನೆಯನ್ನು ಅವರು ಮನೆಯಲ್ಲೇ ಕಂಡಿದ್ದರೆಂದು ನನಗನ್ನಿಸುತ್ತದೆ.

ಮುಗಿದ ಮೇಲೆ ನೇಪಥ್ಯಕ್ಕೆ ಹೋಗಿ ನಿರ್ದೇಶಕರನ್ನು ಅಡುಗೆಮನೆ ತೆರೆದಿಟ್ಟ ಬಗ್ಗೆ ಕೇಳಿದೆ. “ಅಡಿಗಿಮನಿ ಮುಚ್ಚಿಬಿಟ್ರ ಮದುವಿ ಅರ್ಧಾನ ಕಾಣತದರೀ,” ಎಂದರು ಅವರು, ಬಣ್ಣದ ಪೆಟ್ಟಿಗೆ ಕಟ್ಟುತ್ತಲೇ.

ಮನೆಯ ಮಗ ರೋಹಿತನ ಪ್ರೇಮಪ್ರಸಂಗ ಸ್ವಲ್ಪ ಎಳೆದಂತಾಯಿತು. ಸೈಬರ್ ಕೆಫೆಯ ದೃಶ್ಯ ಮಾತ್ರ ಎಲ್ಲರನ್ನೂ ಹಿಡಿದು ಕೂರಿಸಿತು. ವರನಿಗೆ ಕಳುಹಿಸುವ ವಿಡಿಯೋ ಮುಂದೆ ಮಾತಿಗೆ ತಡವರಿಸುವ ಹುಡುಗಿ, ಸಂಸ್ಕೃತಿಯ ಹೆಸರಿನಲ್ಲಿ ಬೆದರಿಸಲು ನುಗ್ಗಿದ ಗಂಡಸರ ಮೇಲೆ ತಿರುಗಿಬೀಳುತ್ತಾಳೆ. ಅಂಥ ಕೆಫೆಗಳು ಈಗ ಹೆಚ್ಚುಕಡಿಮೆ ಕಣ್ಮರೆಯಾಗಿದ್ದರೂ ಆ ಬೆದರಿಕೆ ಹಳತಾಗಿಲ್ಲ. ನನ್ನ ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರು ಚಪ್ಪಾಳೆ ತಟ್ಟಿದ್ದು ಆಗಲೇ.

ಡೊಂಬಿವಲಿಯಲ್ಲೂ ವಾಶಿಯಲ್ಲೂ ಇಷ್ಟೊಂದು ಕನ್ನಡಿಗರಿರುವಾಗ ಒಂದೇ ಪ್ರಯೋಗ ಮುಗಿಸಿ ತಂಡ ಊರಿಗೆ ಮರಳುವುದು ಸರಿಯಲ್ಲ. ಅಲ್ಲಿನ ಸಂಘದವರಿಗೆ ನಾಳೆಯೇ ಫೋನ್ ಮಾಡಬೇಕು.