ಜೂನ್‌ನಲ್ಲಿ ಬಂದ ಏಪ್ರಿಲ್ ಒಂದು

"ಏನ್ರೀ, ಇವತ್ತು ಏಪ್ರಿಲ್ ಒಂದಾ?" ಅಂತ ಗೋದಾಮಿನ ಮ್ಯಾನೇಜರ್ ಫೋನಿನಲ್ಲಿ ಕೇಳಿದಾಗ ಜೂನ್ ಎರಡನೇ ವಾರ ನಡೆಯುತ್ತಿತ್ತು. ತಮಾಷೆ ಮಾಡ್ತಿದ್ದಾರೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಮೊದಲಿಂದ ಹೇಳ್ತೀನಿ.

ನಮ್ಮದು ಬೆಂಗಳೂರಿನಲ್ಲಿ ಆರು ಜನರ ಕಂಪನಿ. ದಾವಣಗೆರೆ ಕಡೆಯ ಒಬ್ಬರು ಗೊಬ್ಬರ, ಬೀಜದ ಹೋಲ್‌ಸೇಲ್ ವ್ಯಾಪಾರಿಯ ವೆಬ್ ಆ್ಯಪ್ ನಾವು ನೋಡಿಕೊಳ್ಳುತ್ತೇವೆ. ಡೀಲರ್‌ಗಳ ಆರ್ಡರ್, ಸ್ಟಾಕ್, ಬಾಕಿ, ಲಾರಿಯ ಗೇಟ್‌ಪಾಸ್ ಎಲ್ಲ ಅದರಲ್ಲೇ. ಬರೆದಿರೋದು ಕಾಮನ್ ಲಿಸ್ಪ್ ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಹೌದು, ಲಿಸ್ಪ್. ನನಗಿಂತ ಮುಂಚೆ ಇದ್ದ ಸೀನಿಯರ್‌ಗೆ ಅದರ ಹುಚ್ಚು. ಕೋಡ್ ಕಂಪೈಲ್ ಮಾಡೋಕೆ ಎಸ್‌ಬಿಸಿಎಲ್, ವೆಬ್ ಸರ್ವರ್ ಆಗಿ ಹಂಚೆನ್‌ಟೂಟ್, ಹಿಂದೆ ಡೇಟಾಬೇಸ್ ಪೋಸ್ಟ್‌ಗ್ರೆಸ್, ಅದರ ಜೊತೆ ಮಾತಾಡೋಕೆ ಪೋಸ್ಟ್‌ಮಾಡರ್ನ್. ಇದರ ಮೇಲೆ ಅವರದೇ ಮ್ಯಾಕ್ರೋಗಳ, ಅಂದರೆ ಕೋಡನ್ನೇ ಬರೆದುಕೊಡುವ ಕೋಡಿನ, ಒಂದು ಪುಟ್ಟ ಫ್ರೇಮ್‌ವರ್ಕ್. ಟೇಬಲ್ ಹೆಸರು, ಕಾಲಮ್‌ಗಳನ್ನು ಕೊಟ್ಟರೆ ಸಾಕು, ಪಟ್ಟಿ, ಫಾರ್ಮ್, ಹುಡುಕಾಟ ಎಲ್ಲ ಬಂದುಬಿಡುತ್ತೆ. ಬಾಸ್‌ಗೆ ಇದು ಇಷ್ಟವಿಲ್ಲ. "ರೆಡ್ಡಿಟ್‌ನವರೇ 2005ರಲ್ಲಿ ಲಿಸ್ಪ್ ಬಿಟ್ಟು ಪೈಥಾನ್‌ಗೆ ಹೋದ್ರು" ಅಂತ ವರ್ಷಕ್ಕೆರಡು ಸಲ ಹೇಳ್ತಾರೆ. ಸೀನಿಯರ್ ಇದ್ದಾಗ "ಆನ್‌ಲೈನ್ ಅಂಗಡಿ ಕಟ್ಟಿಕೊಡೋ ವಯಾವೆಬ್ ಲಿಸ್ಪ್‌ನಲ್ಲೇ ಇತ್ತು, 1998ರಲ್ಲಿ ಯಾಹೂ ಕೊಂಡುಕೊಳ್ತು" ಅಂತ ತಿರುಗಿಸಿ ಹೇಳ್ತಿದ್ದರು. ಈಗ ಅವರು ಬಿಟ್ಟುಹೋಗಿದ್ದಾರೆ, ಆ ಮಾತು ನನ್ನ ಪಾಲಿಗೆ ಬಂದಿದೆ.

ನನಗೂ ಅದರ ರುಚಿ ಹತ್ತಿತ್ತು. ಓಡುತ್ತಿರುವ ಸರ್ವರ್‌ಗೇ ಇಮ್ಯಾಕ್ಸ್ ಎಡಿಟರ್‌ನಿಂದ ಕನೆಕ್ಟ್ ಆಗಿ, ಒಂದು ಫಂಕ್ಷನ್ ಬದಲಿಸಿ, ಕಂಟ್ರೋಲ್ ಸಿ, ಕಂಟ್ರೋಲ್ ಸಿ ಒತ್ತಿದರೆ ಆಯ್ತು. ರೀಸ್ಟಾರ್ಟ್ ಇಲ್ಲ, ಡಿಪ್ಲಾಯ್ ಇಲ್ಲ. 1999ರಲ್ಲಿ ನಾಸಾದ ಡೀಪ್ ಸ್ಪೇಸ್ 1 ನೌಕೆಯಲ್ಲಿ ಲಿಸ್ಪ್ ಪ್ರೋಗ್ರಾಂ ಸಿಕ್ಕಿಹಾಕಿಕೊಂಡಾಗ, ತಪ್ಪು ಎಲ್ಲಿದೆ ಅಂತ ಭೂಮಿಯಲ್ಲಿ ಕೂತವರು ಪತ್ತೆ ಮಾಡಿದ ಕಥೆಯನ್ನು ಹೊಸಬರಿಗೆಲ್ಲ ಹೇಳಿದವನು ನಾನು. ಅದರ ಮುಂದೆ ದಾವಣಗೆರೆ ಏನು ದೂರ?

ಏಪ್ರಿಲ್‌ನಲ್ಲಿ ಒಂದು ಹೊಸ ಕಾಲಮ್ ಸೇರಿಸಿದೆವು. ಬಾಕಿ ಜಾಸ್ತಿ ಇರುವ ಡೀಲರ್‌ಗೆ ಮಾಲು ಕೊಡಬಾರದು ಅಂತಾದರೆ ಅಕೌಂಟ್ಸ್ ಮೇಡಂ ಅಲ್ಲಿ ತಡೆದ ದಿನಾಂಕ ಹಾಕ್ತಾರೆ. ಖಾಲಿ ಇದ್ದರೆ ತಡೆ ಇಲ್ಲ. ತಾರೀಖು ಇದ್ದರೆ ಸಾಲು ಕೆಂಪು, ಗೇಟ್‌ಪಾಸ್ ಬಟನ್ ಮಾಯ. ಹಾಕಿದ ಕೂಡಲೇ ಎಲ್ಲ ಡೀಲರ್‌ಗಳೂ ಕೆಂಪಾದರು. ಪೋಸ್ಟ್‌ಮಾಡರ್ನ್ ಗೊತ್ತಿದ್ದವರು ಈಗಾಗಲೇ ನಗುತ್ತಿರಬೇಕು. ಡೇಟಾಬೇಸಿನ ನಲ್, ಅಂದರೆ ಖಾಲಿ ಖಾನೆ, ಅಲ್ಲಿ ಲಿಸ್ಪ್‌ನ "ಇಲ್ಲ" ಅನ್ನೋ ನಿಲ್ ಆಗಿ ಬರಲ್ಲ, ಕೋಲನ್ ನಲ್ ಅನ್ನೋ ಕೀವರ್ಡ್ ಆಗಿ ಬರುತ್ತೆ. ಲಿಸ್ಪ್‌ನಲ್ಲಿ ನಿಲ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ನಿಜ. ಹಾಗಾಗಿ "ತಾರೀಖು ಇದೆಯಾ?" ಅಂತ ಕೇಳಿದರೆ ಖಾಲಿ ಖಾನೆಯೂ "ಇದೆ" ಅನ್ನುತ್ತೆ. ಅವತ್ತು ಮ್ಯಾನೇಜರ್ ಫೋನ್ ಹಿಡಿದಿರುವಾಗಲೇ ಓಡುತ್ತಿರುವ ಸರ್ವರ್‌ಗೇ ನೇರ ಕೋಡ್ ಕೊಡುವ ರೆಪ್ಲ್‌ನಲ್ಲಿ ತಿದ್ದಿದ ಫಂಕ್ಷನ್ ಟೈಪ್ ಮಾಡಿ ಎಂಟರ್ ಹೊಡೆದೆ. "ಸಾರ್, ರಿಫ್ರೆಶ್ ಮಾಡಿ." ಒಂದು ನಿಮಿಷವೂ ಆಗಿರಲಿಲ್ಲ. "ಭಾರಿ ಫಾಸ್ಟ್ ಇದೀರಲ್ರೀ" ಅಂದರು. ಆ ಮಾತನ್ನು ಎರಡು ದಿನ ಮೆಲುಕು ಹಾಕಿದೆ.

ಮೆಲುಕು ಹಾಕೋದರಲ್ಲಿ ಫೈಲಿಗೆ ಬರೆಯೋದೇ ಮರೆತೆ. ಕೋಡ್ ಜೋಪಾನವಾಗಿಡುವ ಗಿಟ್‌ನಲ್ಲಿ ಹಳೇದೇ ಉಳೀತು. ಆ ಫೈಲನ್ನು ಆಮೇಲೆ ಯಾರೂ ಮುಟ್ಟಲಿಲ್ಲ, ಸರ್ವರ್ ರೀಸ್ಟಾರ್ಟ್ ಆಗಲಿಲ್ಲ. ಎರಡು ತಿಂಗಳು ಎಲ್ಲ ಚೆನ್ನಾಗೇ ಇತ್ತು.

ಜೂನ್‌ನಲ್ಲಿ ಒಂದು ರಾತ್ರಿ ಹೋಸ್ಟಿಂಗ್‌ನವರು ಏನೋ ಅಪ್‌ಡೇಟ್ ಅಂತ ಮಷೀನ್ ರೀಬೂಟ್ ಮಾಡಿದರು. ಮೇಲ್ ಬಂದಿತ್ತು, ನಾನು ಓದಿರಲಿಲ್ಲ. ಬೆಳಿಗ್ಗೆ 8.30ಕ್ಕೆ ಫೋನ್. ಬಿತ್ತನೆ ಶುರುವಾಗುವ ಹೊತ್ತು, ಮೆಕ್ಕೆಜೋಳದ ಬೀಜ, ಡಿಎಪಿ, ಯೂರಿಯಾಕ್ಕೆ ಲಾರಿಗಳು ಗೇಟಿನಿಂದ ರಸ್ತೆವರೆಗೆ ನಿಂತಿವೆ. ಫೋನಿನಲ್ಲಿ ಹಾರ್ನ್ ಸದ್ದೇ ಜಾಸ್ತಿ ಕೇಳಿಸುತ್ತಿತ್ತು. "ಎಲ್ಲಾ ಡೀಲರ್ ಬ್ಲಾಕ್ ತೋರಿಸ್ತಿದೆ ಕಣ್ರೀ, ಒಂದು ಲಾರಿನೂ ಬಿಡೋಕಾಗ್ತಿಲ್ಲ."

ಇಲ್ಲಿ ನಾನು ಮಾಡಿದ್ದು ಇವತ್ತಿಗೂ ಚುಚ್ಚುತ್ತೆ. ಸ್ಕ್ರೀನ್ ಕೂಡ ತೆಗೆದು ನೋಡದೆ, ಹಲ್ಲುಜ್ಜುತ್ತಾ, "ಅಕೌಂಟ್ಸ್‌ನವರು ಎಲ್ಲರಿಗೂ ಒಟ್ಟಿಗೆ ತಾರೀಖು ಹಾಕಿಬಿಟ್ಟಿರಬೇಕು ಸಾರ್, ಅವರನ್ನ ಕೇಳಿ" ಅಂದೆ. ಏಪ್ರಿಲ್‌ನಲ್ಲಿ ನಾನೇ ಸರಿ ಮಾಡಿದ್ದೆನಲ್ಲ, ನಮ್ಮ ಕಡೆ ತಪ್ಪಿರೋಕೆ ಸಾಧ್ಯವೇ ಇಲ್ಲ ಅನ್ನೋ ಧೈರ್ಯ. ಅವರು ಮೇಡಂಗೆ ಫೋನ್ ಮಾಡಿ ಕೂಗಾಡಿದ್ದಾರೆ. ಮೇಡಂ ಆಗಿನ್ನೂ ಬಸ್ಸಿನಲ್ಲಿ. "ನಾನು ಕಂಪ್ಯೂಟರೇ ಆನ್ ಮಾಡಿಲ್ಲ" ಅಂದರಂತೆ. ಐದಾರು ನಿಮಿಷ ಹೀಗೇ ಹೋಯ್ತು.

ಆಮೇಲೆ ಪಿಎಸ್‌ಕ್ಯೂಎಲ್ ತೆಗೆದು ನೇರ ಡೇಟಾಬೇಸಿನಲ್ಲೇ ನೋಡಿದೆ. ಮೇಡಂ ನಿಜವಾಗಿ ತಡೆದಿದ್ದ ಮೂರ್ನಾಲ್ಕು ಜನ ಬಿಟ್ಟರೆ ಕಾಲಮ್ ಪೂರ್ತಿ ಖಾಲಿ. ಹೊಟ್ಟೆ ಚುರ್ ಅಂತು. ರೀಬೂಟ್ ಆದಾಗ ಫೈಲಿನಲ್ಲಿದ್ದ ಹಳೇ ಕೋಡೇ ಮತ್ತೆ ಲೋಡ್ ಆಗಿತ್ತು.

ಆಗಲಾದರೂ ಫೈಲಿನಲ್ಲಿ ಒಂದು ಸಾಲು ಸರಿ ಮಾಡಿ, ಸರ್ವಿಸ್ ರೀಸ್ಟಾರ್ಟ್ ಮಾಡಿದ್ದರೆ ಮುಗೀತಿತ್ತು. ಇಪ್ಪತ್ತು ಸೆಕೆಂಡಿನ ಕೆಲಸ. ಆದರೆ ಈ ಸಲ "ಸರಿಯಾಗಿ" ಮಾಡ್ತೀನಿ ಅಂತ, ಫೈಲ್ ತೆಗೆದು, ಸಾಲುಗಳನ್ನು ಬಿಚ್ಚಿ ಕೊಡುವ ಮ್ಯಾಕ್ರೋನಲ್ಲೇ ನಲ್ ಅನ್ನು ನಿಲ್ ಮಾಡಿದೆ. ಒಂದೇ ಕಡೆ ಬದಲಿಸಿದರೆ ಎಲ್ಲ ಪುಟಕ್ಕೂ ಪರಿಹಾರ, ಎಷ್ಟು ಚೆಂದ! ಕಂಟ್ರೋಲ್ ಸಿ, ಕಂಟ್ರೋಲ್ ಸಿ. ಕಂಪೈಲ್ ಆಯ್ತು. ರಿಫ್ರೆಶ್. ಕೆಂಪು. ಮತ್ತೆ ಒತ್ತಿದೆ. ಕೆಂಪು. ಬ್ರೌಸರ್ ಕ್ಯಾಶ್ ಇರಬೇಕು ಅಂತ ಬೇರೆ ಬ್ರೌಸರ್ ತೆಗೆದೆ. ಕೆಂಪೇ. ಸ್ಪೀಕರ್‌ನಲ್ಲಿ ಮ್ಯಾನೇಜರ್ ಯಾರಿಗೋ "ಮಾಡ್ತಿದಾರಂತೆ ನಿಲ್ರೀ, ಮಾಡ್ತಿದಾರಂತೆ" ಅನ್ನುತ್ತಿದ್ದರು. ಬೇರೆ ಪೋರ್ಟ್‌ಗೆ ಕನೆಕ್ಟ್ ಆಗಿದ್ದೀನಾ ಅಂತ ನೋಡಿದೆ. ಇಲ್ಲ, ಇಮ್ಯಾಕ್ಸ್ ಸರ್ವರ್‌ಗೆ ಕನೆಕ್ಟ್ ಆಗುವ 4005ರಲ್ಲೇ ಇದ್ದೀನಿ. ಕೈ ಬೆವರಿ ಟ್ರ್ಯಾಕ್‌ಪ್ಯಾಡ್ ಮಾತು ಕೇಳ್ತಿರಲಿಲ್ಲ.

ಮ್ಯಾಕ್ರೋ ಬಿಚ್ಚಿಕೊಳ್ಳೋದು ಅದನ್ನು ಬಳಸುವ ಫಂಕ್ಷನ್ ಕಂಪೈಲ್ ಆಗುವಾಗ. ಮ್ಯಾಕ್ರೋ ಬದಲಾಯಿಸಿದರೂ ಆ ಫಂಕ್ಷನ್‌ಗಳ ಹೊಟ್ಟೆಯಲ್ಲಿ ಹಳೆಯ ಕೋಡೇ ಇರುತ್ತೆ. ಇದು ಗೊತ್ತಿಲ್ಲದ್ದೇನಲ್ಲ. ಇಂಟರ್ವ್ಯೂನಲ್ಲಿ ನಾನೇ ಬೇರೆಯವರನ್ನು ಕೇಳಿದ್ದೀನಿ. 8.47ಕ್ಕೆ ನೆನಪಿಗೆ ಬರಲಿಲ್ಲ ಅಷ್ಟೇ. ಬಂದಾಗ 8.50. ಯಾವ್ಯಾವ ಫಂಕ್ಷನ್ ಅಂತ ಹುಡುಕುವ ತಾಳ್ಮೆ ಇರಲಿಲ್ಲ. ಇಮ್ಯಾಕ್ಸ್‌ಗೆ ಲಿಸ್ಪ್ ಜೋಡಿಸುವ ಸ್ಲೈಮ್‌ನಲ್ಲಿ ಅದನ್ನು ಪಟ್ಟಿ ಮಾಡಿ ಕೊಡುವ ಕಮಾಂಡೇ ಇದೆ ಅಂತ ಮರುದಿನ ಗೊತ್ತಾಯ್ತು. ಇಡೀ ಸಿಸ್ಟಮ್ಮನ್ನೇ ಲಿಸ್ಪ್‌ನ ಬಿಲ್ಡ್ ಟೂಲ್ ಎಎಸ್‌ಡಿಎಫ್‌ನಿಂದ ಫೋರ್ಸ್ ಹಾಕಿ ಮತ್ತೆ ಲೋಡ್ ಮಾಡಿದೆ. ಸ್ಕ್ರೀನ್ ತುಂಬ ವಾರ್ನಿಂಗ್ ಸುರಿಯಿತು. ರಿಫ್ರೆಶ್. ಬಿಳಿ! ಮೇಡಂ ತಡೆದವರು ಮಾತ್ರ ಕೆಂಪು. "ಆಯ್ತು ಸಾರ್, ಲಾರಿ ಬಿಡಿ." ಫೋನ್ ಇಟ್ಟು ಕಾಫಿಗೆ ಹೋದೆ.

ಕಾಫಿ ಅರ್ಧ ಆಗಿತ್ತು, ಮತ್ತೆ ಫೋನ್. "ಏನ್ರೀ, ಇವತ್ತು ಏಪ್ರಿಲ್ ಒಂದಾ? ಗೇಟ್‌ಪಾಸ್ ನಂಬರ್ ಒಂದರಿಂದ ಬರ್ತಿದೆ."

ಗೇಟ್‌ಪಾಸ್ ನಂಬರ್ ಪ್ರತಿ ಏಪ್ರಿಲ್ ಒಂದಕ್ಕೆ ಹೊಸದಾಗಿ ಶುರುವಾಗುತ್ತೆ. ಮಧ್ಯೆ ಒಂದು ನಂಬರೂ ಬಿಟ್ಟುಹೋಗಬಾರದು ಅಂತ ಆಡಿಟರ್ ಹಟ. ಪೋಸ್ಟ್‌ಗ್ರೆಸ್ ತಾನೇ ನಂಬರ್ ಕೊಡುವ ಸೀಕ್ವೆನ್ಸ್‌ನಲ್ಲಿ, ಬರೆದದ್ದು ರದ್ದಾಗಿ ರೋಲ್‌ಬ್ಯಾಕ್ ಆದರೆ ನಂಬರ್ ಹಾರಿಹೋಗುತ್ತೆ. ಅದಕ್ಕೇ ಸೀನಿಯರ್ ಎಣಿಕೆಯನ್ನು ಮೆಮೊರಿಯಲ್ಲೇ ಇಟ್ಟಿದ್ದರು, ಸರ್ವರ್ ಶುರುವಾಗುವಾಗ ಮಾತ್ರ ಡೇಟಾಬೇಸಿನಿಂದ ತುಂಬಿಕೊಳ್ಳುವ ಹಾಗೆ. ಆ ಎಣಿಕೆಯ ವೇರಿಯಬಲ್ ಅನ್ನು ಡೆಫ್‌ಪ್ಯಾರಾಮೀಟರ್‌ನಿಂದ ಘೋಷಿಸಿದ್ದರು, ಡೆಫ್‌ವಾರ್‌ನಿಂದ ಅಲ್ಲ. ಡೆಫ್‌ವಾರ್ ಆಗಿದ್ದರೆ ಮತ್ತೆ ಲೋಡ್ ಮಾಡಿದರೂ ಇದ್ದ ಬೆಲೆ ಉಳೀತಿತ್ತು. ಡೆಫ್‌ಪ್ಯಾರಾಮೀಟರ್ ಮತ್ತೆ ಸೊನ್ನೆ ಮಾಡಿತು. ಒಂದೇ ನಂಬರ್ ಎರಡು ಸಲ ಬರದಂತೆ ತಡೆಯುವ ಯೂನಿಕ್ ಕನ್‌ಸ್ಟ್ರೈಂಟ್ ಟೇಬಲ್ಲಿನಲ್ಲಿ ಇರಲಿಲ್ಲ. ಯಾಕೆ ಅಂತ ಕೇಳಬೇಡಿ.

ಅಷ್ಟರಲ್ಲಿ ಏಳು ಲಾರಿ ಹೊರಟಿದ್ದವು. ಡ್ರೈವರ್‌ಗಳ ಕೈಯಲ್ಲಿ ಒಂದರಿಂದ ಏಳು ಅಂತ ಚೀಟಿ. ಸರ್ವರ್ ರೀಸ್ಟಾರ್ಟ್ ಮಾಡಿದೆ, ಬೆಳಿಗ್ಗೆಯೇ ಮಾಡಬೇಕಿದ್ದದ್ದನ್ನ. ಆ ಏಳು ನಂಬರ್‌ಗಳನ್ನು ಮೇಡಂ ರಿಜಿಸ್ಟರ್‌ನಲ್ಲಿ ಪೆನ್ನಿನಿಂದ ತಿದ್ದಿದರು. ಪ್ರತಿ ತಿದ್ದುಪಡಿಗೂ ಸಹಿ, ಪಕ್ಕದಲ್ಲಿ ಕಾರಣ. ಕಾರಣದ ಜಾಗದಲ್ಲಿ ಏಳು ಸಲವೂ "ಸಾಫ್ಟ್‌ವೇರ್‌ನವರು" ಅಂತ ಬರೆದಿದ್ದನ್ನು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದರು.

ಮರುದಿನ ಮೀಟಿಂಗ್. ಬಾಸ್ ನಿರೀಕ್ಷೆಯಂತೆ ರೆಡ್ಡಿಟ್‌ನಿಂದಲೇ ಶುರು ಮಾಡಿದರು. ಜಾವಾಸ್ಕ್ರಿಪ್ಟ್‌ನ ನೋಡ್‌ನಲ್ಲಿ ಹೊಸದಾಗಿ ಬರೆಯೋಣ, ಆರು ತಿಂಗಳು ಅಂತ ಎಸ್ಟಿಮೇಟ್ ಆಯ್ತು. ಕ್ಲೈಂಟ್ ದುಡ್ಡು ಕೊಡಲ್ಲ ಅಂದ ಮೇಲೆ ಆ ಮಾತು ಯಾರೂ ಎತ್ತಲಿಲ್ಲ. ಮಾಡಿದ್ದು ಇಷ್ಟು: ಎಣಿಕೆ ಈಗ ಟೇಬಲ್ಲಿನ ಒಂದು ಸಾಲಿನಲ್ಲಿದೆ, ಗೇಟ್‌ಪಾಸ್ ಬರೆಯುವ ಟ್ರಾನ್ಸಾಕ್ಷನ್ನಿನಲ್ಲೇ ಲಾಕ್ ಮಾಡಿ ಏರಿಸ್ತೀವಿ. ಯೂನಿಕ್ ಹಾಕಿದ್ದೇವೆ. ದಿನಾ ಬೆಳಗಿನ ಜಾವ 3ಕ್ಕೆ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಿಂದ, ಸರ್ವರ್ ರೀಸ್ಟಾರ್ಟ್ ಆಗುತ್ತೆ, ಬೇಕಂತಲೇ. ರೆಪ್ಲ್‌ನಲ್ಲಿ ನಾನೇನು ಕಿತಾಪತಿ ಮಾಡಿದ್ದರೂ ಗಿಟ್‌ನಲ್ಲಿ ಇಲ್ಲದಿದ್ದರೆ ಲಾರಿ ಬರೋ ಮುಂಚೆಯೇ ಸಾಯುತ್ತೆ. 4005 ಮುಚ್ಚಿ ಅಂತ ಬಾಸ್ ಹೇಳಿದ್ದರು. ಮುಚ್ಚಿಲ್ಲ, ಅವರು ಇದನ್ನ ಓದಲ್ಲ ಅನ್ನೋ ನಂಬಿಕೆ.

ಮೇಡಂಗೆ ಅವತ್ತೇ ಸಂಜೆ ಫೋನ್ ಮಾಡಿ ಸಾರಿ ಕೇಳಿದೆ. "ಪರವಾಗಿಲ್ಲ ಬಿಡಿ" ಅಂದರು. ಆದರೆ ಈಗಲೂ ಆ್ಯಪ್‌ನಲ್ಲಿ ಏನಾದರೂ ಕೆಟ್ಟರೆ ಮೊದಲು ಅವರೇ ಫೋನ್ ಮಾಡೋದು. ಏನು ಕೆಟ್ಟಿದೆ ಅಂತ ಹೇಳೋ ಮುಂಚೆ, "ನಾನಿನ್ನೂ ಬಸ್ಸಲ್ಲೇ ಇದೀನಿ, ಮೊದಲೇ ಹೇಳಿಬಿಡ್ತೀನಿ" ಅಂತಾರೆ.